ಮೆತೋದಿಯ ಬಾಯಿ

ಬಾಯಿ ಸರಿಯಾಗಿಯೇ ಕೂತಿತ್ತು. ಆ ಬಗ್ಗೆ ಅನುಮಾನವೇನೂ ಇರಲಿಲ್ಲ. ಆದರೂ ಲ್ಯುಬೆನ್ ಬೆಳಗ್ಗೆ ಎದ್ದಾಗಿನಿಂದ ಅದನ್ನೇ ನೋಡುತ್ತ, ಹತ್ತಿರ ಹೋಗಿ, ಹಿಂದೆ ಸರಿದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಕಾಫಿಯನ್ನು ಮುಟ್ಟದೆ ಆರಿಸಿಬಿಟ್ಟಿದ್ದ. ರಟ್ಟಿನ ಮೇಲೆ ಒಂದು ವಸತಿ ಕಟ್ಟಡ. ಯಾವುದೋ ಹಳೆಯ ಪತ್ರಿಕೆಯಿಂದ ಕತ್ತರಿಸಿದ್ದು; ಅವನು ವಾಸವಿರುವ ಕಟ್ಟಡದ ಅಣ್ಣನೋ ತಮ್ಮನೋ ಇರಬೇಕು, ರೂಸೆ ಪಟ್ಟಣದ ಈ ಭಾಗದಲ್ಲಿ ಇರುವುದೆಲ್ಲ ಅವೇ. ಅದರ ಒಂದೊಂದು ಕಿಟಕಿಯಲ್ಲಿ ಒಂದೊಂದು ಚೂರು: ಯಾರದೋ ಕಿವಿ, ಅರ್ಧ ಎಲೆಕೋಸು, ಟ್ರ್ಯಾಕ್ಟರಿನ ಗಾಲಿ, ಮದುಮಗಳೊಬ್ಬಳ ಕೈಗವಸು. ಮೇಲಂತಸ್ತಿನ ಒಂದು ಕಿಟಕಿಯಲ್ಲಿ ಮಾತ್ರ, ಚೌಕಟ್ಟಿಗೆ ಹಿಡಿಸದಷ್ಟು ದೊಡ್ಡದಾಗಿ, ತೆರೆದು ನಗುತ್ತಿರುವ ಬಾಯಿ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿದ್ದವು. ಅದನ್ನು ಅಂಟಿಸುವವರೆಗೆ ಉಳಿದದ್ದೆಲ್ಲ ಬರೀ ರದ್ದಿಯಾಗಿತ್ತು. ಅಂಟಿಸಿದ ದಿನ ಕಟ್ಟಡಕ್ಕೆ ಕಟ್ಟಡವೇ ನಕ್ಕಿತ್ತು, ಲ್ಯುಬೆನ್ ಕುರ್ಚಿಯಲ್ಲಿ ಕೂತು ತಾನೂ ನಕ್ಕಿದ್ದ, ಹೆಂಡತಿ ರೋಸಿತ್ಸಾ ಅಡುಗೆಮನೆಯಿಂದ, "ಏನಾಯ್ತು, ಗೋಂದಿನ ವಾಸನೆ ತಲೆಗೇರಿತಾ?" ಎಂದು ಕೇಳಿದ್ದಳು. ಈಗ ಬಾಲ್ಕನಿಯಲ್ಲಿ ಅವಳು ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಡುತ್ತಿದ್ದಳು. ಆ ಘಾಟು ಮನೆಯನ್ನೆಲ್ಲ ತುಂಬಿ, ಚಿತ್ರದ ಮೇಲೂ ಕೂರುತ್ತಿದೆಯೇನೋ ಎಂದು ಲ್ಯುಬೆನ್ ಎರಡು ಸಲ ಎದ್ದು ಬಾಗಿಲು ಮುಚ್ಚಿದ, ಅವಳು ಎರಡು ಸಲವೂ ತೆರೆದಳು.

ಮಧ್ಯಾಹ್ನ ಸೋಫಿಯಾದಿಂದ ದೆನಿತ್ಸಾ ಎಂಬ ಹುಡುಗಿ ಕಾರಿನಲ್ಲಿ ಬಂದು ಚಿತ್ರವನ್ನು ಪ್ರದರ್ಶನಕ್ಕೆ ಒಯ್ಯುವವಳಿದ್ದಳು. ಪ್ರದರ್ಶನ. ಆ ಪದವನ್ನು ಅವನು ಬಾಯಿಬಿಟ್ಟು ಯಾರ ಮುಂದೆಯೂ ಹೇಳಿರಲಿಲ್ಲ. ಹುಡುಗನಾಗಿದ್ದಾಗ ಅವನನ್ನು ಕಲಾಶಾಲೆಯವರು ಬೇಡವೆಂದ ಮೇಲೆ ಬದುಕಿನುದ್ದಕ್ಕೂ ಮಾಡಿದ್ದು ದೊಡ್ಡ ಅಂಗಡಿಯ ಗಾಜಿನ ಕಿಟಕಿಗಳ ಅಲಂಕಾರ: ಹತ್ತಿಯ ಹಿಮ, ರಟ್ಟಿನ ಸೂರ್ಯ, ಬೊಂಬೆಗಳಿಗೆ ಕೋಟು. ಜನ ನಿಂತು ನೋಡುತ್ತಿದ್ದರು, ನಿಜ, ಆದರೆ ಕೋಟನ್ನು ನೋಡುತ್ತಿದ್ದರು. ಈಗ ಅರವತ್ತರ ಮೇಲೆ, ಪಿಂಚಣಿ ಬಂದ ಮೇಲೆ, ಒಂದೇ ಒಂದು ಚಿತ್ರ ಹೌದೆನ್ನಿಸಿಕೊಂಡಿತ್ತು. ಅದೂ ಹೇಗೆ? ಫೋನಿನಲ್ಲಿ ಆ ಹುಡುಗಿ, "ನಮ್ಮ ಪ್ರದರ್ಶನ ಪೂರ್ತಿ ಮರುಬಳಕೆ ಬಗ್ಗೆ ಸರ್. ಬಿಸಾಕೋ ಕಾಗದಕ್ಕೆ ನೀವು ಇನ್ನೊಂದು ಜನ್ಮ ಕೊಟ್ಟಿದೀರಿ," ಎಂದಿದ್ದಳು. ಮರುಬಳಕೆಯಂತೆ. ಅವನೇನು ಗುಜರಿಯವನೇ? ಕಾಗದ ಉಳಿಸಬೇಕೆಂದು ಅವನು ಎಂದಾದರೂ ಒಂದು ಹಾಳೆ ಕತ್ತರಿಸಿದ್ದನೇ? ಹೊಸ ಬಣ್ಣ ಕೊಳ್ಳಲು ಮನಸ್ಸಾಗದೆ, ಕೈ ನಡುಗಲು ಶುರುವಾಗಿ ಕುಂಚ ಹಿಡಿಯಲಾಗದೆ, ಕತ್ತರಿ ಮಾತ್ರ ಹೇಳಿದಂತೆ ಕೇಳುತ್ತಿದ್ದುದರಿಂದ ಹಿಡಿದ ದಾರಿ ಅದು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದವನು, "ಹೌದಮ್ಮ, ಜನ್ಮ," ಎಂದು ಹೇಳಿ ಫೋನಿಟ್ಟಿದ್ದ. ಅದಕ್ಕಾಗಿ ತನ್ನ ಮೇಲೇ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕೆಳಮನೆಯ ಪೆನ್ಕಾ, ಕಪ್ಪು ವಸ್ತ್ರ ತಲೆಗೆ ಕಟ್ಟಿ, ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಗಂಡ ಮೆತೋದಿ ಸತ್ತು ನಾಳೆಗೆ ನಲವತ್ತು ದಿನ. ಸತ್ತಾಗ, ನಲವತ್ತನೇ ದಿನ, ಆರು ತಿಂಗಳಿಗೆ, ವರ್ಷಕ್ಕೆ, ಸತ್ತವರ ಪಟವಿರುವ ಹಾಳೆ ಅಚ್ಚು ಹಾಕಿಸಿ ಬಾಗಿಲು, ಬೀದಿಗಳಲ್ಲಿ ಅಂಟಿಸುವುದು ಅಲ್ಲಿಯ ರೂಢಿ.

"ಒಳಗೆ ಬರಲ್ಲ ಲ್ಯುಬೋ, ಒಲೆ ಮೇಲೆ ಗೋಧಿ ಇಟ್ಟು ಬಂದಿದೀನಿ," ಎಂದಳು. "ಕೆಳಗೆ ಬಾಗಿಲ ಮೇಲೆ ಅವನ ಪಟ ನೋಡಿದ್ಯಲ್ಲ? ಗುರುತಿನ ಚೀಟಿಗೆ ತೆಗೆಸಿದ್ದು. ಪೊಲೀಸರು ಹಿಡಿದು ಗೋಡೆಗೆ ನಿಲ್ಲಿಸಿದ ಹಾಗಿದಾನೆ. ಆವಾಗ ಗಡಿಬಿಡೀಲಿ ಅದನ್ನೇ ಹಾಕಿಸಿಬಿಟ್ಟೆ. ನಲವತ್ತನೇ ದಿನದ ಹಾಳೇಲೂ ಅದೇ ಮುಖ ಹಾಕಿಸಿದ್ರೆ ಬೀದಿಯವರೆಲ್ಲ ಏನಂದ್ಕೋಬೇಕು? ಬದುಕಿದ್ದಾಗ್ಲೂ ಕಳ್ಳ, ಸತ್ತ ಮೇಲೂ ಕಳ್ಳ."

"ಹಾಗೇನಿಲ್ಲ ಪೆನ್ಕಕ್ಕ, ಚೆನ್ನಾಗೇ ಇದೆ."

"ಏನು ಚೆನ್ನಾಗಿದೆ, ಸುಮ್ನಿರು. ಕೇಳು. ಕಾರ್ಖಾನೆಯವರು ಒಂದು ಪತ್ರಿಕೆ ತರ್ತಿದ್ರಲ್ಲ, ಅದ್ರಲ್ಲಿ ಒಂದ್ಸಲ ಇವನ ಪಟ ಬಂದಿತ್ತು. ಮೂವತ್ತೂ ಆಗಿರ್ಲಿಲ್ಲ ಆಗ. ನಗ್ತಾ ಇದಾನೆ. ಜೀವಮಾನದಲ್ಲಿ ನಗುವಾಗ ಸಿಕ್ಕಿಬಿದ್ದಿದ್ದು ಅದೊಂದ್ರಲ್ಲೇ. ನೆಲಮಾಳಿಗೆಯೆಲ್ಲ ತಲೆಕೆಳಗು ಮಾಡ್ದೆ. ಆಮೇಲೆ ಹೊಳೀತು, ಆ ಹಳೇ ಪತ್ರಿಕೆ ಕಟ್ಟನ್ನೆಲ್ಲ ನಿಂಗೆ ಕೊಟ್ಟುಬಿಟ್ಟಿದೀವಲ್ಲ."

ಲ್ಯುಬೆನ್‌ನ ಕಾಲು ತಾನಾಗಿಯೇ ಮುಂದೆ ಸರಿದು ಬಾಗಿಲಿಗೆ ಅಡ್ಡ ನಿಂತಿತು. ಬೆನ್ನ ಹಿಂದೆ, ಕಿಟಕಿಯ ಬೆಳಕಿನಲ್ಲಿ, ಮೇಜಿನ ಮೇಲೆ ಬಾಯಿ ನಗುತ್ತಿತ್ತು. ಪೆನ್ಕಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಕಾಣಿಸುತ್ತಿತ್ತು.

"ಯಾವುದು ಅಂತ ಹುಡುಕ್ಲಿ?" ಎಂದ. "ಎಷ್ಟೋ ಕಟ್ಟು ಬಂದಿವೆ, ಎಲ್ಲ ಕಲಸಿಹೋಗಿವೆ."

"ನೋಡಿದ ಕೂಡ್ಲೇ ಗೊತ್ತಾಗುತ್ತೆ. ಹಲ್ಲು ಮೇಲೆ ಹಲ್ಲು. ಅಚ್ಚಿನ ಅಂಗಡಿಯವನು ಸಂಜೆವರೆಗೆ ಕಾಯ್ತಾನಂತೆ, ಅಚ್ಚು ಹಾಕಿ ಇವತ್ತೇ ಕೊಟ್ಬಿಡ್ತಾನೆ. ಹುಡುಕಿ ಇಡಪ್ಪ, ಪುಣ್ಯ ಬರುತ್ತೆ ನಿಂಗೆ."

ಅವಳು ಮೆಟ್ಟಿಲಿಳಿದು ಹೋದಳು. ಲ್ಯುಬೆನ್ ಬಾಗಿಲು ಮುಚ್ಚಿ, ಅದಕ್ಕೆ ಒರಗಿ ನಿಂತು, ತಾನು ಕಾಲು ಅಡ್ಡ ಇಟ್ಟಿದ್ದನ್ನು ನೆನೆದು ಮುಖ ಬಿಸಿಯಾಗುವಷ್ಟು ನಾಚಿಕೊಂಡ.

ಅವನು ಕೆಲಸ ಮಾಡುವ ರೀತಿಯೇ ಹಾಗಿತ್ತು. ಪತ್ರಿಕೆ ಕೈಗೆ ಬಂದರೆ ಮೊದಲು ಕತ್ತರಿಯಿಂದ ಅಕ್ಷರವನ್ನೆಲ್ಲ ಸವರಿಬಿಡುತ್ತಿದ್ದ, ಹೆಸರು, ಊರು, ವರ್ಷ ಯಾವುದೂ ಕಣ್ಣಿಗೆ ಬೀಳಬಾರದು, ಓದುತ್ತ ಕೂತರೆ ಕೈ ನಿಲ್ಲುತ್ತದೆ. ಆಮೇಲೆ ಪುಟವನ್ನು ತಲೆಕೆಳಗಾಗಿ ಹಿಡಿಯುತ್ತಿದ್ದ. ನೆಟ್ಟಗೆ ಹಿಡಿದರೆ ಮನುಷ್ಯ ಮನುಷ್ಯನಾಗಿಯೇ ಕಾಣುತ್ತಾನೆ, ಮೂಗಿನ ಪಕ್ಕದ ನೆರಳು ಎಷ್ಟು ಚೆನ್ನಾಗಿದೆ ಎನ್ನುವುದು ಕಾಣುವುದಿಲ್ಲ. ತಲೆಕೆಳಗಾದರೆ ಎಲ್ಲರೂ ಬರೀ ಆಕಾರ. ಅಂಗಡಿಯ ಕಿಟಕಿಯಲ್ಲಿ ಕಲಿತ ಬುದ್ಧಿ ಅದು, ಬೊಂಬೆಗೆ ಕೋಟು ತೊಡಿಸುವಾಗ ಅದರ ಮುಖ ನೋಡಿದರೆ ಕೋಟು ಸೊಟ್ಟಗಾಗುತ್ತದೆ. ಬೇಸಿಗೆಯ ಒಂದು ಮಧ್ಯಾಹ್ನ, ಹಾಗೆ ತಲೆಕೆಳಗಾಗಿ ಹಿಡಿದ ಒಂದು ಪುಟದಲ್ಲಿ ಬೆಳಕಿನ ಒಂದು ಬಾಗು ಕಂಡಿತ್ತು. ಅಲಗಿನ ತುದಿಯಿಂದ ಅದನ್ನು ಸುತ್ತುವರಿದು ಎತ್ತಿದ್ದ. ಉಳಿದದ್ದನ್ನು ಕಾಲ ಬಳಿಯ ಚೀಲಕ್ಕೆ ಹಾಕಿದ್ದ. ಆಗ ಕೆಳಮನೆಯಲ್ಲಿ ಮೆತೋದಿ ಬದುಕಿದ್ದ, ಕೆಮ್ಮು ಕೇಳಿಸುತ್ತಿತ್ತು. ಮೂವತ್ತು ವರ್ಷ ಒಂದೇ ಮೆಟ್ಟಿಲಲ್ಲಿ ಹತ್ತಿಳಿದ ಮನುಷ್ಯನ ತುಟಿಯನ್ನು ಅವನು ಎತ್ತಿಟ್ಟುಕೊಂಡಿದ್ದ, ಅವನ ಕೆಮ್ಮು ಕೇಳುತ್ತಲೇ, ಗೊತ್ತಾಗದೆ. ಗೊತ್ತಾಗದೆ ಎಂದುಕೊಂಡಾಗ ಸಮಾಧಾನವಾಗಲಿಲ್ಲ. ಗೊತ್ತಾಗಬೇಕಿತ್ತು. ಆ ಕಟ್ಟನ್ನು ನೆಲಮಾಳಿಗೆಯಿಂದ ಮೇಲಕ್ಕೆ ಹೊತ್ತು ತಂದವನೇ ಮೆತೋದಿ. ಪ್ರತಿ ಅಂತಸ್ತಿನಲ್ಲೂ ನಿಂತು ಉಸಿರು ಎಳೆದುಕೊಂಡು, ಮೇಲೆ ಬಂದು ಧೊಪ್ಪೆಂದು ಇಳಿಸಿ, "ಎಲ್ಲ ಕತ್ತರಿಸಿ ಹಾಕು ಲ್ಯುಬೋ, ಒಂದೂ ವಾಪಸ್ ಬರಬಾರ್ದು," ಎಂದಿದ್ದ. ಬೇಕೆಂದೇ ಅಂದನೇ? ತನ್ನ ಪಟ ಅದರಲ್ಲಿದೆ ಎಂದು ಗೊತ್ತಿತ್ತೇ? ಆ ಪಟವನ್ನು ಹೆಂಡತಿಯಿಂದ ದೂರ ಮಾಡಬೇಕೆಂದೇ ಹೊತ್ತು ತಂದನೇ? ಹಾಗಿದ್ದರೆ ಲ್ಯುಬೆನ್‌ನ ತಪ್ಪು ಅರ್ಧ ಕಡಿಮೆಯಾಗುತ್ತಿತ್ತು, ಆದ್ದರಿಂದಲೇ ಆ ಯೋಚನೆಯನ್ನು ನಂಬುವುದು ಕಷ್ಟವಾಯಿತು.

ಉಳಿದ ಮುಖ. ಅವನು ಮೇಜಿನ ಕೆಳಗೆ ಬಗ್ಗಿ ಚೀಲವನ್ನು ಎಳೆದ. ಹೊಸ ಚೀಲ, ತಳದಲ್ಲಿ ನಾಲ್ಕು ಚೂರು. ಹಳೆಯದು ಹೋದ ವಾರ ಖಾಲಿಯಾಗಿತ್ತು. ಅಂಗಳದಲ್ಲಿ ಕಟ್ಟಡದ ಹೆಂಗಸರೆಲ್ಲ ತಗಡಿನ ಪೀಪಾಯಿಯಲ್ಲಿ ನೀರು ತುಂಬಿ ಉಪ್ಪಿನಕಾಯಿಯ ಶೀಶೆಗಳನ್ನು ಕುದಿಸುವಾಗ, ಬೆಂಕಿ ಹತ್ತುತ್ತಿಲ್ಲವೆಂದು ರೋಸಿತ್ಸಾ ಆ ಚೀಲವನ್ನು ಒಯ್ದಿದ್ದಳು. ಲ್ಯುಬೆನ್ ಬಾಲ್ಕನಿಯಿಂದ ನೋಡಿದ್ದ. ಪೀಪಾಯಿಯ ಪಕ್ಕ ಚಿಕ್ಕ ಮಣೆ ಹಾಕಿ ಕೂತು, ಹಿಡಿ ಹಿಡಿಯಾಗಿ ಕಾಗದ ತೆಗೆದು ಬೆಂಕಿಗೆ ಹಾಕುತ್ತಿದ್ದವಳು ಪೆನ್ಕಾ.

ಅವನು ಕೈಯಲ್ಲಿ ಹೊಸ ಚೀಲ ಹಿಡಿದು ಬಾಲ್ಕನಿಗೆ ಹೋದ. ರೋಸಿತ್ಸಾ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು, ಬೆರಳೆಲ್ಲ ಕೆಂಪು ಕಪ್ಪು.

"ಆ ಬಾಯಿ ಮೆತೋದಿಯದು," ಎಂದ.

"ಯಾವ ಬಾಯಿ?"

"ಚಿತ್ರದಲ್ಲಿರೋದು. ಪೆನ್ಕಾ ಪಟ ಕೇಳೋಕೆ ಬಂದಿದ್ಳು."

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ಯಾ?"

"ಇಲ್ಲ."

"ಹೋಗಿ ಹೇಳು. ಕತ್ತರಿಸಿಬಿಟ್ಟೆ ಅನ್ನು. ಬೈತಾಳೆ. ಬೈಸ್ಕೊಂಡು ಬಾ."

"ಬೈಯೋದಲ್ಲ. ಅದನ್ನ ಕೇಳ್ತಾಳೆ."

"ಕೇಳಿದ್ರೆ ಕೊಡು. ಅವಳ ಗಂಡಂದು."

"ಅದಿಲ್ದಿದ್ರೆ ಚಿತ್ರಾನೇ ಇಲ್ಲ ರೋಸೆ. ಇವತ್ತು ಬರ್ತಾರೆ ತಗೊಂಡು ಹೋಗೋಕೆ. ಇವತ್ತು."

"ಒಂದು ಬಾಯಿಗೆ ಇಷ್ಟೊಂದಾ? ಬೇಕಾದ್ರೆ ನನ್ನದು ಕತ್ತರಿಸ್ಕೊಂಡು ಅಂಟಿಸು ಮಾರಾಯ. ಹೇಗಿದ್ರೂ ಇಷ್ಟು ವರ್ಷದಲ್ಲಿ ನೀನು ಅದು ಹೇಳಿದ್ದೇನೂ ಕೇಳಿಲ್ಲ." ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡು, ತಲೆಯೆತ್ತದೆ, "ಬರೀ ಬಾಯಿ ಕೊಟ್ರೆ ಪಾಪ ಅವಳೇನು ಮಾಡ್ತಾಳೆ," ಎಂದಳು.

ಆ ಕೊನೆಯ ಮಾತೇ ಅವನನ್ನು ಕೆಡಿಸಿತು. ಬರೀ ಬಾಯಿ ಕೊಟ್ಟರೆ ಏನು ಮಾಡುತ್ತಾಳೆ? ಅವನು ಕೆಳಗಿಳಿದು ಕಟ್ಟಡದ ಬಾಗಿಲಿಗೆ ಹೋದ. ಅಲ್ಲಿ ಅಂಟಿಸಿದ್ದ ಹಾಳೆಗಳಲ್ಲಿ ಮೆತೋದಿಯದು ಇನ್ನೂ ಬಿಳಿಯಾಗಿತ್ತು. ಪಕ್ಕದಲ್ಲಿ ಮೂರನೇ ಅಂತಸ್ತಿನ ಮುದುಕಿಯ ಆರು ತಿಂಗಳ ಹಾಳೆ, ಅದರ ಪಕ್ಕ ಯಾರದೋ ವರ್ಷದ್ದು, ಬಿಸಿಲಿಗೆ ಹಳದಿ ತಿರುಗಿದ್ದು. ಪೆನ್ಕಾ ಹೇಳಿದ್ದು ಸರಿ. ಕಪ್ಪು ಅಂಚಿನ ಚೌಕದೊಳಗೆ ಮೆತೋದಿ ಬೆದರಿದ ಕಣ್ಣು ಬಿಟ್ಟು, ತುಟಿ ಬಿಗಿದು, ಯಾರೋ ಈಗಷ್ಟೇ ಬೈದ ಹಾಗೆ ನಿಂತಿದ್ದ. ಲ್ಯುಬೆನ್ ಫೋನು ತೆಗೆದು ಆ ಮುಖದ ಫೋಟೋ ಹಿಡಿದ. ಆಮೇಲೆ ಆ ಕಣ್ಣುಗಳನ್ನು ತೆರೆಯ ಮೇಲೆ ದೊಡ್ಡದು ಮಾಡಿ, ಮೇಲೆ ಹೋಗಿ ಬಾಯಿಯ ಪಕ್ಕ ಹಿಡಿದು ನೋಡಿದ. ಅಸಹ್ಯವಾಗಿತ್ತು. ಕೆಳಗೆ ಒಬ್ಬ ನಗುತ್ತಿದ್ದ, ಮೇಲೆ ಇನ್ನೊಬ್ಬ ಅಂಜುತ್ತಿದ್ದ. ಆದರೆ ಆಗಲೇ ಅವನ ಕಣ್ಣು ಕೆನ್ನೆಯನ್ನು ಹುಡುಕಲು ಹೊರಟಿತ್ತು. ಇಂಥ ಬಾಯಿಗೆ ಎಂಥ ಕೆನ್ನೆ ಇರಬೇಕು, ಮೂಗು ಎಲ್ಲಿಂದ ಇಳಿಯಬೇಕು, ಗೊತ್ತಿತ್ತು. ಕಾಗದ ಅದೇ ಕಾಲದ್ದು, ಅಚ್ಚಿನ ಚುಕ್ಕಿ ಅದೇ ಗಾತ್ರದ್ದು. ಮೆತೋದಿಯ ಮುಖವನ್ನು ತಾನು ಮಾಡಬಲ್ಲೆ. ಆ ಯೋಚನೆ ಬಂದಾಗ ಅವನಿಗೆ ಸಂತೋಷವಾಯಿತು, ಮಾಡಿದ ಪಾಪಕ್ಕೆ ಪರಿಹಾರ ಸಿಕ್ಕ ಸಂತೋಷ ಎಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಅದು ಬೇರೆ ಸಂತೋಷವಾಗಿತ್ತು, ಅದೂ ಅವನಿಗೆ ತಿಳಿಯದೆ ಇರಲಿಲ್ಲ.

ಹೆಂಡತಿಯ ಇಸ್ತ್ರಿಪೆಟ್ಟಿಗೆಯನ್ನು ಬೆಚ್ಚಗೆ ಮಾಡಿ, ನಡುವೆ ಬಟ್ಟೆಯಿಟ್ಟು, ಚಿತ್ರದ ಆ ಕಿಟಕಿಯ ಮೇಲೆ ಒತ್ತಿ ಹಿಡಿದ. ಗೋಂದು ಮೆತ್ತಗಾಗಲು ಹೊತ್ತು ಬೇಕು. ಅವಸರ ಮಾಡಿದರೆ ತುಟಿ ಹರಿಯುತ್ತದೆ. ಅಲಗನ್ನು ಚಪ್ಪಟೆಯಾಗಿ ತೂರಿಸುತ್ತ, ಉಸಿರು ಬಿಗಿಹಿಡಿದು, ಹಲ್ಲಿನ ಕಡೆಯಿಂದ ಶುರುಮಾಡಿದ. ಕೈ ನಡುಗಲಿಲ್ಲ. ಎಷ್ಟೋ ತಿಂಗಳಿಂದ ಕೆಲಸಕ್ಕೆ ಕೂತಾಗೆಲ್ಲ ನಡುಗುತ್ತಿದ್ದ ಕೈ, ತನ್ನ ಒಂದೇ ಒಂದು ಒಳ್ಳೆಯ ಚಿತ್ರವನ್ನು ಹಾಳು ಮಾಡುವಾಗ ಗಟ್ಟಿಯಾಗಿ ನಿಂತಿತ್ತು. ಬಾಯಿ ಕೈಗೆ ಬಂತು. ಕಟ್ಟಡದಲ್ಲಿ ರಟ್ಟಿನ ಬೂದು ತೂತು ಉಳಿಯಿತು. ಎಲೆಕೋಸು ಮತ್ತೆ ಬರೀ ಎಲೆಕೋಸಾಯಿತು. ಅವನು ಅತ್ತ ನೋಡದೆ ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟ. ದೆನಿತ್ಸಾಗೆ ಬರಬೇಡವೆಂದು ಹೇಳಬೇಕು. ಏನೆಂದು ಹೇಳುವುದು? ನೀರು ಬಿತ್ತು ಎನ್ನಬಹುದು.

ಹೇಳುವ ಮೊದಲೇ ಅವಳು ಬಂದಿದ್ದಳು, ಹೇಳಿದ್ದಕ್ಕಿಂತ ಬೇಗ, ದೊಡ್ಡ ಬೂಟು ಹಾಕಿಕೊಂಡು, ಮೆಣಸಿನಕಾಯಿಯ ವಾಸನೆಯನ್ನು ಬಾಯ್ತುಂಬ ಹೊಗಳುತ್ತ. "ನಮ್ಮ ಅಜ್ಜಿ ಮನೆ ನೆನಪಾಯ್ತು ಸರ್," ಎಂದಳು. ಅವನು ನೀರಿನ ಕಥೆ ಶುರುಮಾಡುವಷ್ಟರಲ್ಲಿ ಅವಳೇ ಚಿತ್ರವನ್ನು ಗೋಡೆಯಿಂದ ತಿರುಗಿಸಿದ್ದಳು.

"ಇಲ್ಲಿ ಒಂದು ಬಾಯಿ ಇತ್ತಲ್ವಾ? ನೀವು ಕಳಿಸಿದ ಫೋಟೋದಲ್ಲಿ ಇತ್ತು."

"ಇತ್ತು. ತೆಗೆಯಬೇಕಾಯ್ತು. ಆದ್ರಿಂದ ಈ ಚಿತ್ರ ಬೇಡಮ್ಮ, ಮುಂದಿನ ಸಲ ಯಾವಾಗಾದ್ರೂ..."

"ಯಾಕೆ ಬೇಡ ಸರ್?" ಅವಳು ಮೊಣಕಾಲೂರಿ ಕೂತು ನೋಡಿದಳು. "ಇದು ಅದಕ್ಕಿಂತ ಚೆನ್ನಾಗಿದೆ. ಬಾಯಿ ಇದ್ದಾಗ ಸ್ವಲ್ಪ ಜೋರಾಗಿತ್ತು, ನಿಜ ಹೇಳ್ಬೇಕಂದ್ರೆ. ಈಗ ನೋಡಿ, ಯಾರೋ ಮನೆ ಖಾಲಿ ಮಾಡಿ ಹೋದ ಹಾಗಿದೆ. ಎಲ್ಲಾರ ಕಣ್ಣೂ ಇಲ್ಲಿಗೇ ಹೋಗುತ್ತೆ."

"ಅದು ತೂತು," ಎಂದ ಲ್ಯುಬೆನ್.

"ಅದೇ ಸರ್. ತೂತು."

ಅವಳನ್ನು ಹೊರಗೆ ನೂಕಬೇಕೆನ್ನಿಸಿತು. ಅದು ತೂತು, ನಾನು ಮಾಡಿದ್ದಲ್ಲ, ನಾನು ಮಾಡಿದ್ದು ಈಗ ಅಲ್ಲಿ ತಟ್ಟೆಯ ಮೇಲೆ ಒಣಗುತ್ತಿದೆ ಎಂದು ಕಿರುಚಬೇಕೆನ್ನಿಸಿತು. ಬದಲಾಗಿ ಅವನು ಹಳೆಯ ಕಂಬಳಿ ತಂದುಕೊಟ್ಟ, ಇಬ್ಬರೂ ಸೇರಿ ಚಿತ್ರವನ್ನು ಸುತ್ತಿದರು. ಕೆಳಗೆ ಕಾರಿನವರೆಗೆ ಅವನೇ ಹಿಡಿದುಕೊಂಡು ಹೋದ. ಮೆಟ್ಟಿಲಲ್ಲಿ ಪೆನ್ಕಾಳ ಬಾಗಿಲ ಮುಂದೆ ಹಾದುಹೋಗುವಾಗ ಬೇಯುವ ಗೋಧಿಯ ವಾಸನೆ ಬಂತು, ಅವನು ಕಳ್ಳ ಹೆಜ್ಜೆ ಹಾಕಿದ. ಕಾರು ಹೊರಟ ಮೇಲೂ ಸ್ವಲ್ಪ ಹೊತ್ತು ಬೀದಿಯಲ್ಲೇ ನಿಂತಿದ್ದ. ಕಲಾಶಾಲೆಯ ಗೋಡೆಗೆ ಅಂಟಿಸಿದ್ದ ಹೆಸರುಗಳಲ್ಲಿ ತನ್ನದನ್ನು ಹುಡುಕುತ್ತ, ಎಲ್ಲರೂ ಹೋದ ಮೇಲೂ, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದುತ್ತ ನಿಂತ ಹುಡುಗನ ಕಾಲು ಹೀಗೇ ಭಾರವಾಗಿತ್ತು. ಆಗ ಹೆಸರಿರಲಿಲ್ಲ. ಈಗ ಹೆಸರಿದೆ, ಬಾಯಿಯಿಲ್ಲ. ಸೋಫಿಯಾದಲ್ಲಿ ಜನ ಕೈಕಟ್ಟಿ ನಿಂತು ತೂತನ್ನು ಹೊಗಳುತ್ತಾರೆ.

ಆ ಸಿಟ್ಟಿನಲ್ಲೇ ಅವನು ಮೆತೋದಿಯ ಮುಖವನ್ನು ಮಾಡಿದ. ಕಬ್ಬಿಣದ ಕಾರ್ಖಾನೆಯ ಒಬ್ಬನ ಹಣೆ, ದೋಣಿ ನಡೆಸುವವನೊಬ್ಬನ ಮೂಗು, ಕೆನ್ನೆಗೆ ಮೂರು ಜನರ ಕೆನ್ನೆ. ಕಿವಿಯನ್ನು ಬಾಗಿಲ ಹಾಳೆಯ ಫೋಟೋ ನೋಡಿ ಅಳೆದ. ಕಣ್ಣಿಗೆ ಬಹಳ ಹೊತ್ತು ಹಿಡಿಯಿತು. ನಟರ ಕಣ್ಣು ಯಾವುದೂ ಆಗಲಿಲ್ಲ, ಅವೆಲ್ಲ ಕ್ಯಾಮೆರಾವನ್ನು ನೋಡುತ್ತಿದ್ದವು. ಕೊನೆಗೆ ಬಹುಮಾನ ಪಡೆದ ಹಾಲು ಕರೆಯುವ ಹೆಂಗಸೊಬ್ಬಳು ಸಿಕ್ಕಳು, ಹಸುವಿನ ಪಕ್ಕ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದವಳು. ಅವಳ ಕಣ್ಣು ಆ ಬಾಯಿಯ ಮೇಲೆ ಕೂತ ಕ್ಷಣ ಮುಖ ಮುಖವಾಯಿತು. ಲ್ಯುಬೆನ್ ಫೋನಿನಲ್ಲಿ ಕಪ್ಪು ಬಿಳುಪು ಮಾಡಿ ನೋಡಿದ. ಬೆಸುಗೆ ಎಲ್ಲೂ ಕಾಣಲಿಲ್ಲ. ಬದುಕಿನಲ್ಲಿ ಇಷ್ಟು ಚೆನ್ನಾಗಿ ಅವನು ಏನನ್ನೂ ಮಾಡಿರಲಿಲ್ಲ, ಇದು ನಾಳೆ ಬಾಗಿಲು, ಮರ, ಬಸ್‌ನಿಲ್ದಾಣಗಳ ಮೇಲೆ ಅಂಟಿ, ಊರೆಲ್ಲ ನೋಡಿ, ಯಾರಿಗೂ ಇದು ಚಿತ್ರವೆಂದು ಗೊತ್ತಾಗದೆ ಮಳೆಗೆ ಕರಗಿಹೋಗುತ್ತದೆ. ರೋಸಿತ್ಸಾ ಕೈ ಒರೆಸಿಕೊಳ್ಳುತ್ತ ಒಳಗೆ ಬಂದವಳು ಮೇಜಿನ ಬಳಿ ನಿಂತುಬಿಟ್ಟಳು.

"ಮೆತೋದಿ," ಎಂದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಎಲ್ಲಿ ಸಿಕ್ತು?"

ಅವನು ಕತ್ತರಿ ಒರೆಸಿಟ್ಟ. ಅವಳು ಇನ್ನೊಮ್ಮೆ ಬಗ್ಗಿ ನೋಡಿ, ಅಂಚಿನಲ್ಲಿ ಗೋಂದಿನ ಹೊಳಪು ಕಂಡು, ಅವನ ಮುಖ ನೋಡಿದಳು. "ಕೊಡಬೇಡ ಲ್ಯುಬೆನ್," ಎಂದಳು ಮೆಲ್ಲಗೆ. ಅವನು ಆಗಲೇ ಬೂಟು ಹಾಕಿಕೊಳ್ಳುತ್ತಿದ್ದ.

ಪೆನ್ಕಾಳ ಅಡುಗೆಮನೆಯ ಮೇಜಿನ ತುಂಬ ಬಿಳಿ ಬಟ್ಟೆ ಹಾಸಿ ಬೆಂದ ಗೋಧಿಯನ್ನು ಆರಹಾಕಿದ್ದರು. ನಾಳೆ ಅದಕ್ಕೆ ಸಕ್ಕರೆ ಬೆರೆಸಿ ಸಮಾಧಿಯ ಬಳಿ ಹಂಚಬೇಕು. ಹಾಳೆ ಇಡಲು ಜಾಗವಿರಲಿಲ್ಲ, ಅವನು ಕೈಯಲ್ಲೇ ಹಿಡಿದು ನಿಂತ.

"ಸಿಕ್ತಾ?" ಎಂದು ಅವಳು ಅವಸರದಿಂದ ಕೈ ತೊಳೆದು, ಒರೆಸಿ, ಹಾಳೆಯನ್ನು ಕಿಟಕಿಯ ಬಳಿಗೆ ಒಯ್ದಳು. ಲ್ಯುಬೆನ್ ಕಾದ. ತಾನು ಕಾಯುತ್ತಿರುವುದು ಏನನ್ನು ಎಂದು ಗೊತ್ತಾಗಿ ಹೇಸಿಗೆಯಾಯಿತು. ಹೊಗಳಿಕೆಯನ್ನು ಕಾಯುತ್ತಿದ್ದ. ಪೆನ್ಕಾ ಹಾಳೆಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಅಂಗೈಯನ್ನು ಹಾಳೆಯ ಮೇಲಿಟ್ಟು, ಬಾಯಿ ಮುಚ್ಚಿ, ಮೇಲಿನ ಅರ್ಧವನ್ನಷ್ಟೇ ನೋಡಿದಳು.

"ಇದು ಯಾರು?"

"ಮೆತೋದಿ ಅಣ್ಣ."

"ಬಾಯಿ ಅವನದೇ ಇರಬಹುದು. ಆ ಬಾಯನ್ನ ನಾನು ನೋಡಿದ್ದೇ ಕಮ್ಮಿ. ನಗು ಬಂದ್ರೆ ಕೈ ಅಡ್ಡ ಇಟ್ಕೊಳ್ಳೋನು, ಹಲ್ಲು ಕಾಣುತ್ತೆ ಅಂತ. ಮದುವೆಯಾದ ದಿನದಿಂದ ಹಾಗೇ. ನನ್ನ ಮುಂದೇನೂ ಹಾಗೇ. ನಂಗೆ ಗೊತ್ತಿದ್ದಿದ್ದು ಕಣ್ಣು. ಕೈ ಮೇಲಿಂದ ಕಾಣ್ತಿತ್ತಲ್ಲ, ಅದು." ಅವಳು ತಿರುಗಿ ನೋಡಿದಳು. "ಇದು ಯಾರ ಕಣ್ಣು ಲ್ಯುಬೋ?"

ಮೆಟ್ಟಿಲಲ್ಲಿ ಎದುರಾದಾಗ, ಜೋಕು ಹೇಳಿದಾಗ, ಮೆತೋದಿಯ ಒರಟು ಅಂಗೈ ಮೇಲೇರುತ್ತಿದ್ದುದು ಈಗ, ಈಗಷ್ಟೇ, ಲ್ಯುಬೆನ್‌ಗೆ ನೆನಪಾಯಿತು. ಅದರ ಮೇಲೆ ಎರಡು ಕಣ್ಣು ಇದ್ದಿರಲೇಬೇಕು. ಅವು ಹೇಗಿದ್ದವೆಂದು ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ.

"ಹಾಲು ಕರೆಯೋಳು ಒಬ್ಬಳದು," ಎಂದ. "ಪಟ ಇಲ್ಲ ಪೆನ್ಕಕ್ಕ. ಬೇಸಿಗೇಲೇ ಕತ್ತರಿಸಿಬಿಟ್ಟಿದ್ದೆ. ಯಾರು ಅಂತ ನೋಡ್ಲಿಲ್ಲ. ಬಾಯಿ ಮಾತ್ರ ಉಳಿದಿತ್ತು. ನನ್ನ ಚಿತ್ರದಲ್ಲಿ, ಒಂದು ಕಿಟಕೀಲಿ ಅಂಟಿಸಿದ್ದೆ. ಕಿತ್ತು ತಂದೆ."

"ಬೆಳಿಗ್ಗೆ ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಂತಿದ್ದೆ. ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಥೂ ನಿನ್ನ," ಎಂದಳು ಪೆನ್ಕಾ. ದನಿ ಏರಲಿಲ್ಲ. "ಕತ್ತರಿಸಿದ್ದು ಹೋಗ್ಲಿ. ಯಾರೋ ಹೆಂಗಸಿನ ಕಣ್ಣು ತಂದು ನನ್ನ ಗಂಡ ಅಂತ ಕೈಗೆ ಕೊಡ್ತೀಯಲ್ಲ. ನಾನು ನಾಳೆ ಅದರ ಮುಂದೆ ಮೇಣದಬತ್ತಿ ಹಚ್ಚಬೇಕಾ? ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ತಪ್ಪಾಯ್ತು."

"ಅವನ ಕಣ್ಣನ್ನ ಏನು ಮಾಡ್ದೆ?"

ಪೀಪಾಯಿ, ಬೆಂಕಿ, ಅವಳ ಕೈ. "ಬಿಸಾಕಿದೆ," ಎಂದ. ಅದಕ್ಕಿಂತ ಹೆಚ್ಚು ಹೇಳಲು ಅವನಿಂದಾಗಲಿಲ್ಲ, ಅದನ್ನು ಅವನು ಎಂದಿಗೂ ಹೇಳಲಾರ.

ಪೆನ್ಕಾ ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದಳು. ಗೋಧಿಯ ಮೇಲೆ ಇನ್ನೊಂದು ಬಟ್ಟೆ ಹೊದಿಸಿದಳು. "ನಿನ್ನ ಹತ್ರ ಇನ್ನೂ ಪತ್ರಿಕೆ ಇದ್ಯಲ್ಲ?"

"ಇದೆ."

"ನಡಿ."

ಮೇಲೆ ಬಂದು ಅವಳು ಅವನ ಕುರ್ಚಿಯಲ್ಲಿ ಕೂತಳು. ಅವನು ಕಟ್ಟುಗಳನ್ನು ತಂದು ತಂದು ಮೇಜಿನ ಮೇಲಿಟ್ಟ, ಆಮೇಲೆ ಪಕ್ಕದಲ್ಲಿ ಮಣೆಯ ಮೇಲೆ ಕೂತ. ರೋಸಿತ್ಸಾ ಬಾಗಿಲಿಗೆ ಬಂದು ನೋಡಿ, ಏನೂ ಕೇಳದೆ ಎರಡು ಲೋಟ ಕಾಫಿ ಇಟ್ಟು ಹೋದಳು. ಪೆನ್ಕಾ ಪುಟ ತಿರುಗಿಸುತ್ತಿದ್ದಳು. ಸಭೆಯಲ್ಲಿ ಕೂತವರು, ದ್ರಾಕ್ಷಿ ಕೊಯ್ಯುವವರು, ವೈದ್ಯರು, ಗಾಯಕಿಯರು. ಗಂಡಸಾಗಲಿ ಹೆಂಗಸಾಗಲಿ, ಸಿಕ್ಕ ಒಂದೊಂದು ಮುಖದ ಬಾಯಿಯ ಮೇಲೆ ಅಂಗೈ ಇಟ್ಟು, ಕಣ್ಣನ್ನೇ ದಿಟ್ಟಿಸಿ, "ಅಲ್ಲ," ಎನ್ನುತ್ತಿದ್ದಳು. ಬೆಳಕು ಕಡಿಮೆಯಾಯಿತು, ಲ್ಯುಬೆನ್ ದೀಪ ಹಾಕಿದ. ತಾನೂ ಒಂದು ಪತ್ರಿಕೆ ತೆಗೆದುಕೊಂಡ. ಏನನ್ನು ಹುಡುಕಬೇಕೆಂದು ಗೊತ್ತಿಲ್ಲದೆ ಹುಡುಕುವುದು ಎಷ್ಟು ಕಷ್ಟ ಎಂದು ಅವನಿಗೆ ರೇಗಿತು, ರೇಗಿದ್ದಕ್ಕೆ ನಾಚಿಕೆಯಾಯಿತು, ಅವಳು ಒಮ್ಮೆಯಾದರೂ, ಸುಳ್ಳಿಗಾದರೂ, ಆ ಮುಖವನ್ನು ಚೆನ್ನಾಗಿ ಮಾಡಿದ್ದೀಯ ಎನ್ನಲಿಲ್ಲವಲ್ಲ ಎಂಬ ಕೊರಗು ಇನ್ನೂ ಒಳಗೆಲ್ಲೋ ಕೂತು ಕಡಿಯುತ್ತಿತ್ತು.

"ಹೇಗಿದ್ವು ಅಂತ ಹೇಳಿದ್ರೆ ನಾನೂ ಹುಡುಕ್ತಿದ್ದೆ ಪೆನ್ಕಕ್ಕ."

ಅವಳು ಯೋಚಿಸಿದಳು. ಹೇಳಲು ಬಾಯಿ ತೆರೆದಳು, ಸುಮ್ಮನಾದಳು. ಮತ್ತೆ ಯೋಚಿಸಿದಳು. "ನೋಡಿದ್ರೆ ಗೊತ್ತಾಗುತ್ತೆ," ಎಂದಳು.

"ಅಂಗಡಿ ಮುಚ್ಚೋ ಹೊತ್ತಾಯ್ತು."

"ಮುಚ್ಲಿ."

ಅವನು ಒಂದು ಪುಟದ ಮೇಲೆ ಕೈಯಿಟ್ಟು ಅವಳ ಕಡೆ ಸರಿಸಿದ. ಯಾವುದೋ ಊರಿನ ಅಂಚೆಯವನು, ಸೈಕಲ್ ಹಿಡಿದು ನಿಂತಿದ್ದ. ಪೆನ್ಕಾ ಹತ್ತಿರಕ್ಕೆ ಬಗ್ಗಿದಳು. ದೀಪದ ಕೆಳಗೆ ಅವಳ ತಲೆವಸ್ತ್ರ ಅವನ ಭುಜಕ್ಕೆ ತಾಗಿತು. ಅವಳು ಈ ಸಲ ತಕ್ಷಣ ಅಲ್ಲ ಎನ್ನಲಿಲ್ಲ.

"ಇದಾ?" ಎಂದ.

"ಅಲ್ಲ."

"ಸಿಗೋದಿಲ್ಲ ಪೆನ್ಕಕ್ಕ. ಇದ್ರಲ್ಲೆಲ್ಲೂ ಸಿಗೋದಿಲ್ಲ."

"ಸಿಗಲ್ಲ ಅಂತ ನಂಗೆ ಗೊತ್ತಿಲ್ವಾ?" ಎಂದಳು ಪೆನ್ಕಾ. "ತಿರುಗಿಸು."

ಲ್ಯುಬೆನ್ ಪುಟ ತಿರುಗಿಸಿದ.